ಟಾನಿಕ್ ಬಾಟಲಿಯ ಮೇಲಿನ ಬಾಣ

ಮನೆಯಿಂದ,
ಮಾರ್ಚ್ ೧೪, ಮಂಗಳವಾರ ಸಂಜೆ

ಸುರಂಗ ಕೊರೆಯಲು ಹೋಗಿ ಮನೆಯ ದಾರಿ ಮರೆತ ನಮ್ಮವರಿಗೆ,

ಹೇಗಿದ್ದೀರಿ? ಕೆಮ್ಮು ನಿಂತಿತೇ? ಫೋನಿನಲ್ಲಿ ನಿಂತಿದೆ ಅಂದಿರಿ, ಅಂದ ಮೇಲೂ ಎರಡು ಸಲ ಕೆಮ್ಮಿದ್ದು ನನಗೆ ಕೇಳಿಸಿತು. ಆ ಫೋನು ನಾಲ್ಕು ಮಾತಿಗೇ ಕಡಿದುಹೋಗುತ್ತದೆ, ನಿಮ್ಮ ಬೆನ್ನ ಹಿಂದೆ ಕ್ಯಾಂಪಿನವರೆಲ್ಲ ಸಾಲುಗಟ್ಟಿರುತ್ತಾರೆ. ಅದಕ್ಕೇ ಈ ಪತ್ರ. ನಿಮ್ಮಲ್ಲಿಗೆ ಸಾಮಾನು ಒಯ್ಯುವ ಲಾರಿಯ ಡ್ರೈವರಣ್ಣನ ಕೈಗೆ ಕೊಡುತ್ತಿದ್ದೇನೆ. ಅವರು ಒಳ್ಳೆಯವರೇ, ಆದರೂ ಕವರಿಗೆ ಎರಡು ಸಲ ಅಂಟು ಹಚ್ಚುತ್ತೇನೆ.

ನಮ್ಮ ಚೂಟಿಯ ರಕ್ತದ ವಿಷಯ ಪೂರ್ತಿ ಹೇಳು ಅಂದಿದ್ದಿರಲ್ಲ, ಕೇಳಿ. ಮೊದಲ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಒಂಬತ್ತೂವರೆ. ಎರಡೂವರೆ ವರ್ಷದ ಮಗುವಿಗೆ ಹನ್ನೊಂದಾದರೂ ಬೇಕಂತೆ. ಡಾಕ್ಟರಮ್ಮ ಕಬ್ಬಿಣದ ಟಾನಿಕ್ ಬರೆದುಕೊಟ್ಟರು. ತಿಂಗಳಾದ ಮೇಲೆ ನೋಡಿದರೆ ಅದೇ ಒಂಬತ್ತೂವರೆ. ನನಗೆ ಮೊದಲು ಲ್ಯಾಬಿನ ಮೇಲೆ ಅನುಮಾನ ಬಂತು. ದಿನಕ್ಕೆ ನಾನೂರು ಅಂಗಿಗಳ ಹೊಲಿಗೆ ತಪಾಸಣೆ ಮಾಡುವವಳಿಗೆ ಚೀಟಿಗಳು ಹೇಗೆ ಅದಲುಬದಲಾಗುತ್ತವೆ ಅಂತ ಗೊತ್ತಿಲ್ಲವೇ? ಇನ್ನೊಂದು ಲ್ಯಾಬಿಗೆ ಹೋಗಿ, ಕೊಳವೆಗೆ ಚೀಟಿ ಅಂಟಿಸುವವರೆಗೂ ಕಣ್ಣು ಮಿಟುಕಿಸದೆ ನಿಂತೆ. ಅಲ್ಲೂ ಅಷ್ಟೇ ಬಂತು.

ಆಮೇಲೆ ಅನುಮಾನ ನಿಮ್ಮ ಅಮ್ಮನ ಕಡೆ ತಿರುಗಿತು. ಬೈಯಬೇಡಿ, ಪೂರ್ತಿ ಓದಿ. ನಾನು ಫ್ಯಾಕ್ಟರಿಗೆ ಹೋದ ಮೇಲೆ ಟಾನಿಕ್ ಕುಡಿಸುವುದು ಅವರ ಪಾಲಿನ ಕೆಲಸ. ಮಗು ಅಳುತ್ತದೆ ಅಂತ ಬಿಟ್ಟುಬಿಡುತ್ತಾರೇನೋ ಅನ್ನಿಸಿತು. ಹೊಲಿಗೆ ಕೆಟ್ಟ ಕಡೆ ಅಂಟಿಸುವ ಕೆಂಪು ಬಾಣದ ಸ್ಟಿಕ್ಕರನ್ನು ದಿನಾ ಬೆಳಿಗ್ಗೆ ಬಾಟಲಿಯ ಮೇಲೆ ಮದ್ದಿನ ಮಟ್ಟಕ್ಕೆ ಸರಿಯಾಗಿ ಹೊಸದಾಗಿ ಅಂಟಿಸಿ ಹೋದೆ. ಪ್ರತಿ ಸಂಜೆಯೂ ಮದ್ದು ಬಾಣಕ್ಕಿಂತ ಸರಿಯಾಗಿ ಒಂದು ಚಮಚ ಕೆಳಗಿಳಿದಿರುತ್ತಿತ್ತು. ಅಷ್ಟು ಸರಿಯಾಗಿ ಇಳಿಯುವುದನ್ನು ಕಂಡು ಅನುಮಾನ ಇನ್ನೂ ಜಾಸ್ತಿಯಾಯಿತು. ಸಿಂಕಿಗೆ ಸುರಿಯುತ್ತೀರಾ ಅಂತ ಬಾಯಿಬಿಟ್ಟು ಕೇಳಿಯೇಬಿಟ್ಟೆ. ಅತ್ತೆ ಜಗಳವಾಡಲಿಲ್ಲ. ತೋರುಬೆರಳು ಮುಂದೆ ಚಾಚಿ, "ದಿನಾ ಕಚ್ತಾಳೆ, ಆದ್ರೂ ಕುಡಿಸ್ತೀನಿ ಕಣಮ್ಮ, ನೋಡು" ಅಂದರು. ಬೆರಳಿನ ಮೇಲೆ ಪುಟ್ಟ ಹಲ್ಲಿನ ಗುರುತು ಸಾಲಾಗಿತ್ತು. ನನಗೆ ತಲೆ ಎತ್ತಲಾಗಲಿಲ್ಲ.

ಡಾಕ್ಟರಮ್ಮ ಈ ಕಥೆ ಕೇಳಿ ನಕ್ಕರು. ಮಗುವಿನ ಕಕ್ಕ ಕಪ್ಪಗಿದೆಯೇ ಅಂದರು. ಹೌದು, ಅದು ಬೇರೇನೋ ರೋಗ ಅಂತ ಅದಕ್ಕೂ ಹೆದರಿದ್ದೆ. ಟಾನಿಕ್ ಹೊಟ್ಟೆಗೆ ಹೋಗುತ್ತಿದ್ದರೆ ಹಾಗೆಯೇ ಆಗುವುದಂತೆ. ಸಾಕ್ಷಿ ದಿನಾ ನನ್ನ ಕೈಯಲ್ಲೇ ತೊಳೆದುಹೋಗುತ್ತಿತ್ತು! ಆಮೇಲೆ ಅವರು ಹಳೆಯ ರಿಪೋರ್ಟನ್ನು ಇನ್ನೊಮ್ಮೆ ಬಿಡಿಸಿ ನೋಡಿದರು. ಕೆಂಪು ಕಣಗಳು ತೀರಾ ಚಿಕ್ಕವು, ಎಣಿಕೆಯಲ್ಲಿ ಮಾತ್ರ ಜಾಸ್ತಿ. ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ಬೇರೆ ಪರೀಕ್ಷೆ ಮಾಡಿಸಿದರೆ ಬೇಕಾದಷ್ಟಿದೆ. ಕಬ್ಬಿಣದ ಕೊರತೆಯೇ ಅಲ್ಲ, ಇದು ಹೆತ್ತವರಿಂದ ಬಂದದ್ದು ಅಂದರು. ಥಲಸ್ಸೇಮಿಯಾ ಅಂತ ಹೆಸರು. ಒಬ್ಬರಿಂದ ಮಾತ್ರ ಬಂದಿದ್ದರೆ ರೋಗವಲ್ಲ, ಮಗು ಚೆನ್ನಾಗಿಯೇ ಬೆಳೆಯುತ್ತದೆ. ಚೂಟಿಯದು ಹಾಗೆಯೇ ಅಂತ ಖಚಿತವಾಗಿದೆ, ಟಾನಿಕ್ ನಿಂತಿದೆ. ನನ್ನ ರಕ್ತವನ್ನೂ ನೋಡಿದರು. ನನ್ನಲ್ಲೂ ಅದೇ ಇದೆ. ಲ್ಯಾಬಿನವರು, ಅತ್ತೆ ಎಲ್ಲರ ಮೇಲೂ ಬೆರಳು ತೋರಿಸಿ ಬಂದವಳಿಗೆ ಆಗ ಹೇಗಾಗಿರಬೇಕು, ನೀವೇ ಹೇಳಿ.

ಅತ್ತೆಯ ಕ್ಷಮೆ ಕೇಳಿದ್ದೇನೆ. ನಿಮಗೆ ಆಶೀರ್ವಾದ ತಿಳಿಸು ಅಂದಿದ್ದಾರೆ. ಚೂಟಿ ಈ ಹಾಳೆಯ ಮೂಲೆ ಹರಿದದ್ದೇ ಅವಳ ಮುತ್ತು ಅಂದುಕೊಳ್ಳಿ. ಮಫ್ಲರ್ ಸುತ್ತಿಕೊಂಡು ಕೆಲಸಕ್ಕಿಳಿಯಿರಿ.

ಸದಾ ನಿಮ್ಮ ದಾರಿ ನೋಡುವ,
ನಿಮ್ಮವಳು

ತಾ.ಕ.: ಡ್ರೈವರಣ್ಣ ಹಾರ್ನ್ ಹೊಡೆಯುತ್ತಿದ್ದಾರೆ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನನಗೀಗ ಎರಡೂವರೆ ತಿಂಗಳು. ಅತ್ತೆಗೂ ಹೇಳಿಲ್ಲ. ನಿಮ್ಮ ರಕ್ತದಲ್ಲೂ ಅದಿದ್ದರೆ, ಹೊಟ್ಟೆಯಲ್ಲಿರುವ ಈ ಮಗುವಿಗೆ ಇಬ್ಬರಿಂದಲೂ ಬರುವ ಸಂಭವ ನಾಲ್ಕರಲ್ಲಿ ಒಂದು. ಹಾಗೆ ಬಂದರೆ ಬದುಕಿರುವಷ್ಟು ದಿನ ರಕ್ತ ಹಾಕಿಸುತ್ತಲೇ ಇರಬೇಕಂತೆ. ಮದುವೆಗೆ ಮುಂಚೆ ರಕ್ತದಾನಕ್ಕೆ ಹೋದಾಗ ನಿಮ್ಮನ್ನು ಬೇಡ ಅಂತ ವಾಪಸ್ ಕಳಿಸಿದರು ಅಂತ ನಗುತ್ತಾ ಹೇಳಿದ್ದಿರಿ. ಯಾಕೆ, ರಕ್ತ ಕಮ್ಮಿಯಿತ್ತೇ ಅಂತ ನಾನು ಅವತ್ತು ಕೇಳಲಿಲ್ಲ. ಗುರುವಾರ ಲಾರಿ ಖಾಲಿ ಬರುತ್ತದೆ, ಅದರಲ್ಲೇ ಹತ್ತಿ ಬನ್ನಿ.