ಪಟ್ಟಿಯ ಮೊದಲನೆಯ ಅಂಗಡಿ

ಹಿರೀ ಸೊಸೆಗೆ,

ನಲವತ್ತು ವರ್ಷ ಮೀನಿನ ಕಟ್ಟೆಯಲ್ಲಿ ಕೂತು, ನಿನ್ನೆಯ ಮೀನನ್ನು ಇಂದಿನದೆಂದು ಒಮ್ಮೆಯೂ ಮಾರದ ನಿನ್ನ ಅತ್ತೆ ಬರೆಯುತ್ತಿದ್ದೇನೆ. ಈ ಊರಿನಲ್ಲಿ ಹಸಿ ಮೀನಿನ ಚೂರನ್ನು ಹೆಬ್ಬೆರಳಿನಷ್ಟು ಅನ್ನದ ಮೇಲಿಟ್ಟು ಸುಶಿ ಎಂದು ಕೊಡುತ್ತಾರೆ. ಯಾವ ಅಂಗಡಿಯದು ಒಳ್ಳೆಯದೆಂದು ಪತ್ರಿಕೆಗೆ ಪಟ್ಟಿ ಮಾಡುವುದು ನಿನ್ನ ಮಗಳ ಕೆಲಸ. ಅವಳಿಗೆ ಪುರುಸೊತ್ತಿಲ್ಲ, ರುಚಿ ನೋಡಲು ನಾನೊಬ್ಬಳೇ ಹೋಗುತ್ತೇನೆ. ಹನ್ನೊಂದು ಅಂಗಡಿ ಆಯಿತು. ಎಲ್ಲ ಕಡೆಯೂ ಗೋಡೆಗೆ ಮುಖ ಮಾಡಿ ಒಬ್ಬೊಬ್ಬರೇ ತಿನ್ನುತ್ತಾರೆ. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ.

ಬಸ್ ನಿಲ್ದಾಣದ ಹಿಂದಿನ ಅಂಗಡಿಯ ಮುದುಕಿ ಮಾತ್ರ ಎರಡನೆಯ ದಿನವೇ, “ಯಾಕಕ್ಕ, ಇವತ್ತು ಇಷ್ಟು ತಡ? ದಾರಿ ನೋಡ್ತಾ ಇದ್ದೆ” ಎಂದಳು. ನಾನು ಆ ಅಂಗಡಿಯನ್ನೇ ಪಟ್ಟಿಯಲ್ಲಿ ಮೊದಲು ಬರೆಸಿಬಿಟ್ಟೆ.

ನಿನ್ನೆ ನಿನ್ನ ಮಗಳು, “ಅಜ್ಜಿ, ನಮ್ಮ ಕಟ್ಟೆ ಮೇಲೆ ಆಣೆ ಮಾಡಿ ಹೇಳು, ಅಲ್ಲಿ ಮೀನು ಅಷ್ಟು ಚೆನ್ನಾಗಿದ್ಯಾ?” ಎಂದಳು. ಅಲ್ಲಿಯದು ಹಿಂದಿನ ದಿನದ ಮೀನು. ಒಳಗೆ ಕಾಲಿಟ್ಟಾಗಲೇ ನನ್ನ ಮೂಗಿಗೆ ಗೊತ್ತಾಗಿತ್ತು.

ಮಂಡಿ ನೋವು ಕಡಿಮೆಯಾಗಿದೆ, ಹೊಟ್ಟೆಯೂ ಸರಿಯಿದೆ. ನನ್ನ ಜಾಗದಲ್ಲಿ ಕೂತಿದ್ದೀಯೆ, ಐಸ್ ಹಾಕುವುದರಲ್ಲಿ ಜಿಪುಣತನ ಮಾಡಬೇಡ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಬೆಳಿಗ್ಗೆ ಆ ಅಂಗಡಿಯ ಹೆಸರನ್ನು ಪಟ್ಟಿಯಿಂದ ನನ್ನ ಕೈಯಾರೆ ಹೊಡೆದುಹಾಕಿದೆ. ಮಧ್ಯಾಹ್ನ ತಡ ಮಾಡದೆ ಅಲ್ಲಿಗೇ ಹೋಗಿ, ಮೀನು ಬೇಡವೆಂದು ಹೇಳಿ, ಬರೀ ಅನ್ನ ಉಂಡು ಬಂದೆ.

— ಅತ್ತೆ