ನಡುವಿನ ಹಾಳೆ ಕೇಳುವವರು ಬೇಕಾಗಿದ್ದಾರೆ

ಧಾರವಾಡ, ಫೆಬ್ರವರಿ ೩೦, ೨೧೧೯

ಮಾನ್ಯ ಪೂರ್ವಜರೇ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಎರಡು ದಿನ ಹೆಚ್ಚು ಕೊಡಿಸಲು ನಾವು ಪಟ್ಟ ಪಾಡು ನಮಗೇ ಗೊತ್ತು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮೆಯಿರಲಿ.

ನಮ್ಮಲ್ಲಿ ‘ಕಿವಿಸುದ್ದಿ’ ಎಂಬುದುಂಟು. ಬೆಳಿಗ್ಗೆ ಏಳುವ ಮೊದಲೇ ಪ್ರತಿಯೊಬ್ಬರ ಕಿವಿಗೂ ಅವರವರಿಗೆ ಒಗ್ಗುವ ಸುದ್ದಿ ತೊಟ್ಟಿಕ್ಕುತ್ತದೆ. ನನ್ನ ಸುದ್ದಿಯಲ್ಲಿ ಗೆದ್ದ ತಂಡ ಪಕ್ಕದ ಮನೆಯ ಸುದ್ದಿಯಲ್ಲಿ ಆಡಿಯೇ ಇರುವುದಿಲ್ಲ. ಹೀಗಾಗಿ ಓಣಿಯಲ್ಲಿ ಜಗಳವೇ ಇಲ್ಲ. ಶಾಂತಿ ಎಂದರೆ ಎಂಥ ಶಾಂತಿ! ಎದುರುಬದುರಾದರೆ ಆಡಲು ಮಾತೇ ಇಲ್ಲ.

ಆದ್ದರಿಂದಲೇ ಹಿಟ್ಟಿನ ಗಿರಣಿಯ ಪಕ್ಕದ ಒಂದು ಕೋಣೆಯ ಶಾಖಾ ಗ್ರಂಥಾಲಯವನ್ನು ನೆನೆದು ನಿಟ್ಟುಸಿರು ಬಿಡುತ್ತೇವೆ. ನನ್ನ ಮುತ್ತಜ್ಜಿ ಮನಸ್ವಿ (ಹೌದು, ಈಗ ಮುತ್ತಜ್ಜಿಯರ ಹೆಸರುಗಳು ಹೀಗೇ ಇರುತ್ತವೆ) ಚಿಕ್ಕಂದಿನಲ್ಲಿ ಅಜ್ಜನ ಜೊತೆ ಅಲ್ಲಿಗೆ ಹೋಗುತ್ತಿದ್ದಳು. ಪತ್ರಿಕೆ ಒಂದೇ, ಓದುಗರು ಬೆಂಚಿನ ತುಂಬ. ಹಾಳೆ ಬಿಡಿಸಿ ಹಂಚಿಕೊಳ್ಳುತ್ತಿದ್ದರಂತೆ. ಮುಂದೆ ಓದಬೇಕಾದ್ದನ್ನು ತೊಡೆಯಡಿ ಬಚ್ಚಿಟ್ಟುಕೊಳ್ಳುವ ಮಹನೀಯರೂ ಇದ್ದರಂತೆ.

“ನಡುವಿನ ಹಾಳಿ ಆತೇನ್ರೀ?”

“ತಡೀರಿ, ಇನ್ನೂ ನನ್ನ ರಾಶಿ ಬಂದಿಲ್ಲ.”

“ನಿಮ್ಮ ರಾಶಿ ನಿನ್ನಿ ಇದ್ದಂಗ ಐತಿ, ಕೊಡ್ರಿ ಇತ್ತ!”

ಆಮೇಲೆ ಒಂದೇ ಸುದ್ದಿಯ ಮೇಲೆ ಗಿರಣಿಯ ಸದ್ದನ್ನೂ ಮೀರಿಸುವ ವಾದ. ಗೋಡೆಯ ಮೇಲೆ ‘ನಿಶ್ಶಬ್ದ’ ಎಂದು ಬರೆದಿತ್ತಂತೆ. ಇಡೀ ಗ್ರಂಥಾಲಯದಲ್ಲಿ ಯಾರೂ ಓದದೆ ಬಿಟ್ಟದ್ದು ಅದೊಂದನ್ನೇ.

ಬರಬರುತ್ತ ಎಲ್ಲರಿಗೂ ಅಂಗೈಯಲ್ಲೇ ಪತ್ರಿಕೆ ಬಂತು. ಕೇಳುವವರಿಲ್ಲದ ಹಾಳೆಗಳು ಮಡಚಿದಂತೆಯೇ ಉಳಿದವು. ಶಾಖೆಗೆ ಬೀಗ ಬಿತ್ತು.

ಈಗ ಬಡಾವಣೆಯ ಸಮಿತಿ ಆ ಕೋಣೆಯನ್ನು ಒಂದು ತಿಂಗಳ ಮಟ್ಟಿಗೆ, ಆ ಹಳೆಯ ರೂಢಿಯನ್ನು ಮರಳಿ ತರಹೊರಟ ನಮ್ಮ ಗುಂಪಿಗೆ ಕೊಟ್ಟಿದೆ. ಅಷ್ಟರಲ್ಲಿ ಜನ ಕೂಡಿ ಕೂರುವುದನ್ನು ಕಲಿಯದಿದ್ದರೆ ಅಲ್ಲಿ ‘ನಿದ್ರಾಗೂಡು’, ಅಂದರೆ ನಿಂತೇ ಮಲಗುವ ಕಪಾಟು, ಬರುತ್ತದೆ. ಕಷ್ಟಪಟ್ಟು ಒಂದು ಪತ್ರಿಕೆ ಅಚ್ಚು ಹಾಕಿಸಿದೆವು. ಮೊದಲ ದಿನ ಜನ ಬಂದರು, ಒಂದೊಂದು ಹಾಳೆ ತೆಗೆದುಕೊಂಡರು, ಓದಿ ಮುಗಿಸಿ ಅದನ್ನೇ ಹಿಡಿದು ಸುಮ್ಮನೆ ಕುಳಿತರು. ಬೇರೆಯವರ ಕೈಯಲ್ಲಿರುವುದನ್ನು ಕೇಳುವುದು ಹೇಗೆಂದು ಯಾರಿಗೂ ತಿಳಿಯದು. ಕಡೆಗೆ ನೂರು ದಾಟಿದ ಮುತ್ತಜ್ಜಿಯೇ ಪಕ್ಕದವನ ಮೊಣಕೈ ತಿವಿದಳು: “ತಮ್ಮಾ, ಎಷ್ಟೊತ್ತು ಕಾವು ಕೊಡ್ತಿ ಅದಕ್ಕ? ಮರಿ ಆಗೂದಿಲ್ಲ, ಇತ್ತ ಕೊಡು!”

ಎಲ್ಲರೂ ನಕ್ಕರು, ಹಾಳೆಗಳು ಓಡಾಡಿದವು, ಒಂದು ಪುಟ್ಟ ಜಗಳವೂ ಆಯಿತು, ನನಗೆ ಕಣ್ಣು ತುಂಬಿ ಬಂತು. ಆದರೆ ಅವಳು ಬಾರದ ದಿನ ಮತ್ತೆ ಎಲ್ಲರೂ ಗೊಂಬೆಗಳು. ಈಗ ಅವಳಿಗೆ ಮೆಟ್ಟಿಲು ಹತ್ತಲಾಗುತ್ತಿಲ್ಲ.

ಅದಕ್ಕೇ ಈ ವಿನಂತಿ. ನಾಳೆ ನಿಮ್ಮ ಓಣಿಯ ಶಾಖೆಗೆ ಹೋಗಿ. ಪಕ್ಕದವರ ಹಾಳೆ ಕೇಳಿ, ಗಟ್ಟಿಯಾಗಿ ಕೇಳಿ. ಬೆಂಚಿನ ತುದಿಯಲ್ಲಿ ಅಜ್ಜನ ಜೊತೆ ಬಂದ ಮೊಮ್ಮಗಳೊಬ್ಬಳು ಕಾಲಾಡಿಸುತ್ತ ಕೂತಿದ್ದರೆ, ಇನ್ನಷ್ಟು ಮಕ್ಕಳನ್ನು ಕರೆತಂದು ಅವಳ ಪಕ್ಕ ಕೂರಿಸಿ. ಹಾಳೆ ಕೇಳಲು ಬಲ್ಲವರಲ್ಲಿ ನಮಗೆ ಉಳಿದಿರುವುದು ಅವಳೊಬ್ಬಳೇ.

ನಿಮ್ಮ ಓಣಿಯವನೇ,
ಇಶಾನ ಹೊಸಮನಿ