ಗೆದ್ದರೂ ಬೇಡ ಎನ್ನುವ ತಂಡ

ಡಬ್ಲಿನ್, ಕ್ಯಾಲಿಫೋರ್ನಿಯಾ
ನವೆಂಬರ್ ೧೧, ಮಂಗಳವಾರ

ಪ್ರೀತಿಯ ಆರತಿ,

ನಿನ್ನ ಅತ್ತಿ ಕಾಶವ್ವನ ಆಶೀರ್ವಾದ. ಹೇಗಿದ್ದೀಯವ್ವಾ? ಆ ಎಸ್ಟೋನಿಯಾದ ಚಳಿಯಲ್ಲಿ ಕಿವಿಗೆ ಏನಾದರೂ ಕಟ್ಟಿಕೊಳ್ಳುತ್ತೀಯೋ, ಇಲ್ಲ ಮೈದಾನದ ಅಂಚಿನಲ್ಲಿ ಬರಿತಲೆಯಲ್ಲೇ ನಿಂತು ಕೂಗುತ್ತೀಯೋ? ಶನಿವಾರ ಫೋನಿನಲ್ಲಿ ನಿನ್ನ ಗಂಟಲು ಪೂರ್ತಿ ಕಟ್ಟಿತ್ತು. ಬಿಸಿನೀರಿಗೆ ಅರಿಶಿನ ಹಾಕಿಕೊಂಡು ಕುಡಿ. ನಾನು ಕಟ್ಟಿಕೊಟ್ಟ ಶೇಂಗಾ ಚಟ್ನಿಯನ್ನು ನಿನ್ನ ತಂಡದ ಗಡ್ಡದ ಹುಡುಗರಿಗೆಲ್ಲ ಬ್ರೆಡ್ಡಿಗೆ ಹಚ್ಚಿ ಕೊಟ್ಟೆಯಂತೆ. ಕೊಡು, ಬೇಡ ಎನ್ನುವುದಿಲ್ಲ, ನಿನಗೂ ಒಂದಿಷ್ಟು ಉಳಿಸಿಕೊಳ್ಳಬಾರದೇ?

ಇಲ್ಲಿ ಎಲ್ಲರೂ ಆರಾಮ. ಹರ್ಷಿತಾಳ ಹಲ್ಲಿಗೆ ತಂತಿ ಹಾಕಿಸಿದ್ದಾಯಿತು. ಅದರಿಂದ ರೊಟ್ಟಿ ಕಚ್ಚಲು ಬರುವುದಿಲ್ಲ ಎಂದು ನಿನ್ನ ಮಗಳು ನಾಟಕ ಮಾಡುತ್ತಾಳೆ, ಪಿಜ್ಜಾ ಬಂದರೆ ತಂತಿ ಏನೂ ಅನ್ನುವುದಿಲ್ಲ. ನಿನ್ನ ಗಂಡ ಶಿವು ಬೆಳಿಗ್ಗೆ ಫಾಸ್ಟರ್ ಸಿಟಿ ಆಫೀಸಿಗೆ ಹೋದರೆ ಸೇತುವೆಯ ಟ್ರಾಫಿಕ್ಕು ದಾಟಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಆರಾಮ ಇಲ್ಲದವಳು ನಾನೊಬ್ಬಳೇ. ಗಾಬರಿಯಾಗಬೇಡ, ಮೈಗೆ ಏನೂ ಆಗಿಲ್ಲ. ಶನಿವಾರದಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ. ಹಿಡಿದ ಕೆಲಸ ಅರ್ಧಕ್ಕೆ ಬಿಡುತ್ತೇನೆ, ಫ್ರಿಜ್ಜಿನ ಬಾಗಿಲು ತೆಗೆದು ಏಕೆ ತೆಗೆದೆ ಎಂದು ನಿಲ್ಲುತ್ತೇನೆ. ರಸ್ತೆಯ ಕೊನೆಯವರೆಗೆ ನಡೆದು ಬಂದು, ಚಪ್ಪಲಿ ಬಿಟ್ಟು, ಮತ್ತೆ ಮೆಟ್ಟುತ್ತೇನೆ. ಎದುರು ಮನೆಯ ಲಾಸ್ಯಾ ಕಾರು ನಿಲ್ಲಿಸಿ, “ಆಂಟಿ, ಎಲ್ಲಾದ್ರೂ ಡ್ರಾಪ್ ಮಾಡ್ಲಾ?” ಎಂದು ಕೇಳಿದಳು. ಎಲ್ಲಿಗೆ ಎಂದು ಹೇಳಲಿ?

ಇದಕ್ಕೆಲ್ಲ ಕಾರಣ ನಿನ್ನ ಆ ಫುಟ್‌ಬಾಲ್ ತಂಡ. ಅವರ ಕೋಚ್ ನಡು ಹಂಗಾಮಿನಲ್ಲಿ ಬಿಟ್ಟು ಹೋದ, ಕೋಚಿಂಗಿನ ದೊಡ್ಡ ಪರೀಕ್ಷೆ ಪಾಸಾದವಳು ಎಂದು ಜೂನ್‌ನಲ್ಲಿ ನಿನ್ನನ್ನು ಕರೆದರು. ನಾನೂ ಆಗಷ್ಟೇ ಆರು ತಿಂಗಳ ಮಟ್ಟಿಗೆ ಬಂದಿದ್ದೆ, ಮನೆ ನಾನು ನೋಡಿಕೊಳ್ಳುತ್ತೇನೆ ಹೋಗು ಎಂದೆ. ಲೈಡವೆರೆ ಎಂಬ ಆ ಊರಿನ ಹೆಸರು ನನ್ನ ನಾಲಿಗೆಗೆ ಹೊರಳಲು ವಾರವೇ ಹಿಡಿಯಿತು. ಆದರೆ ಸೊಸೆ ಎಂಥವರ ನಡುವೆ ಇದ್ದಾಳೆ ಎಂದು ತಿಳಿಯಬೇಡವೇ? ನಾನು ರೊಟ್ಟಿ ಬಡಿಯುವಾಗ ಹರ್ಷಿತಾ ಪಕ್ಕದಲ್ಲಿ ಕುಳಿತು ಕ್ಲಬ್ಬಿನ ಚರಿತ್ರೆಯನ್ನು ಫೋನಿನಲ್ಲಿ ಓದಿ ಓದಿ ಹೇಳುತ್ತಿದ್ದಳು, ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ.

ಏನು ಚರಿತ್ರೆಯವ್ವಾ ಅದು! ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯವರು ರಷ್ಯನ್ನರ ಕಾಲದಲ್ಲಿ ಕಟ್ಟಿದ ತಂಡವಂತೆ. ದೇಶ ಸ್ವತಂತ್ರವಾಯಿತು, ಕಾರ್ಖಾನೆ ಮುಚ್ಚಿತು, ತಂಡವೂ ಮುಚ್ಚಿತು. ಶಾಲೆಯ ಡ್ರಿಲ್ ಟೀಚರೊಬ್ಬಳು ಊರ ಹುಡುಗರನ್ನು ಕೂಡಿಸಿ ಮತ್ತೆ ಎಬ್ಬಿಸಿದಳು. ಪಕ್ಕದ ಊರಿನ ತಂಡದ ಜೊತೆ ಒಂದಾಗಿ ಹೆಸರು ಬದಲಿಸಿಕೊಂಡರು. ಎರಡೇ ವರ್ಷಕ್ಕೆ ಗೋಲ್ ಕಂಬ ಯಾರದು, ಬಲೆ ಯಾರದು ಎಂದು ಕಿತ್ತಾಡಿ ಬೇರೆಯಾದರು, ಥೇಟು ನಿನ್ನ ಮಾವನ ಅಣ್ಣತಮ್ಮಂದಿರು ಪಾತ್ರೆ ಹಂಚಿಕೊಂಡ ಹಾಗೆ. ಅದೆಲ್ಲ ಹೋಗಲಿ. ಎರಡನೆಯ ದರ್ಜೆಯಲ್ಲಿ ಮೂರು ಸಲ ಗೆದ್ದಿದ್ದಾರೆ. ಗೆದ್ದವರು ಮೇಲಿನ ದರ್ಜೆಗೆ ಹೋಗಬೇಕಲ್ಲ? ಇವರು ಮೂರು ಸಲವೂ ಬೇಡ ಎಂದರು! ಒಮ್ಮೆ ಮೈದಾನಕ್ಕೆ ದೀಪವಿಲ್ಲ. ಒಮ್ಮೆ ಖರ್ಚು ನೋಡಿಕೊಳ್ಳುತ್ತಿದ್ದ ಮರದ ಮಿಲ್ಲಿನವರು ಕೈ ಎತ್ತಿದರು. ಇನ್ನೊಮ್ಮೆ ಅರ್ಧ ತಂಡ ಕಟ್ಟಡ ಕೆಲಸಕ್ಕೆಂದು ಫಿನ್‌ಲ್ಯಾಂಡಿನ ಹಡಗು ಹತ್ತಿತು. “ಅಜ್ಜಿ, ದೇ ಸೆಡ್ ನೋ ಅಗೇನ್,” ಎಂದು ಹರ್ಷಿತಾ ಹೇಳಿದಾಗ ಸಿಟ್ಟಿನಲ್ಲಿ ಬಡಿದ ಪೆಟ್ಟಿಗೆ ರೊಟ್ಟಿ ಹರಿದೇ ಹೋಯಿತು.

ಅವತ್ತೇ ಹರಕೆ ಹೊತ್ತೆ. ಈ ಸಲ ನನ್ನ ಸೊಸೆಯ ಕೈಯಲ್ಲಿ ಗೆಲ್ಲಿಸಪ್ಪಾ, ಲಿವರ್‌ಮೋರ್ ಗುಡಿಗೆ ಮಾದಲಿಯ ಸಿಹಿ ನೈವೇದ್ಯ ಮಾಡಿಕೊಂಡು ಬರುತ್ತೇನೆ ಎಂದೆ. ಶನಿವಾರ ನಿನ್ನ ತಂಡದ ಕೊನೆಯ ಪಂದ್ಯ ನೋಡಲು ನಸುಕಿನಲ್ಲಿ ಎದ್ದು ಮೂವರೂ ಟಿವಿ ಮುಂದೆ ಕುಳಿತೆವು. ಕಡೆಯ ಗೋಲು ಬಿದ್ದು ನೀವು ಗೆದ್ದಾಗ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಶಿವು ಮಾತ್ರ ಮುಖ ಊದಿಸಿಕೊಂಡು ಕುಳಿತಿದ್ದ. “ಸಾಕು ಮಾಡಬೇ ಅವ್ವಾ, ಅವರು ಈ ಸಲಾನೂ ಒಲ್ಲೆ ಅಂತಾರ,” ಎಂದ. ಯಾಕೋ ಎಂದೆ. ಮೇಲಿನ ದರ್ಜೆಗೆ ದೊಡ್ಡ ಪರೀಕ್ಷೆ ಪಾಸಾದ ಕೋಚ್ ಬೇಕೇ ಬೇಕಂತೆ, ಆ ಊರಿಗೆ ನಿನ್ನನ್ನು ಬಿಟ್ಟರೆ ಇನ್ನೊಬ್ಬರು ಸಿಕ್ಕಿಲ್ಲವಂತೆ, ನೀನು ಆಗಲೇ ಆಗುವುದಿಲ್ಲ ಎಂದಿದ್ದೀಯಂತೆ. “ನೀ ಇಪ್ಪತ್ತೈದಕ್ಕ ಊರಿಗೆ ಹೋಗಾಕಿ. ಆಕಿ ಬರಲಾರದ ಮನಿ ನಡೀತೈತೇನು?” ಎಂದು ನನ್ನನ್ನೇ ಕೇಳಿದ. 

ಭಾನುವಾರ ಮಾದಲಿ ಮಾಡಿದೆ. ಶಿವು ಗುಡಿಗೆ ಕಾರಿನಲ್ಲಿ ಕರೆದುಕೊಂಡು ಹೋದ. ದೇವರ ಮುಂದೆ ನಿಂತರೆ ಏನು ಕೇಳಬೇಕೋ ತಿಳಿಯಲಿಲ್ಲ. ಗೆಲ್ಲಿಸು ಎಂದು ಕಾಡಿದವಳೇ ನಾನು. ಸೋತಿದ್ದರೆ ನೀನು ಹೇಗೂ ಬರುತ್ತಿದ್ದೆ, ಯಾರಿಗೂ ಸಂಕಟವಿರುತ್ತಿರಲಿಲ್ಲ. ಆ ಹುಡುಗರು ನಿನ್ನನ್ನು ಹೆಗಲ ಮೇಲೆ ಎತ್ತಿ ಕುಣಿಸುವಾಗ ನೀನು ಬಾಯಿ ತುಂಬ ನಗುತ್ತಿದ್ದೆ. ಮದುವೆಯಾಗಿ ಇಷ್ಟು ವರ್ಷವಾಯಿತು, ನಮ್ಮ ಮನೆಯಲ್ಲಿ ನಾನು ಆ ನಗು ನೋಡಿಲ್ಲ. ನನಗೆ ಹೊಟ್ಟೆ ಉರಿಯಿತು ಆರತಿ, ಅಳುವೂ ಬಂತು.

ಅಮ್ಮ ಇನ್ನೊಂದು ವರ್ಷ ಅಲ್ಲೇ ಇದ್ದರೆ ಏನು ಮಾಡುತ್ತೀ ಎಂದು ನಿನ್ನೆ ಹರ್ಷಿತಾಳನ್ನು ಕೇಳಿದೆ. ಅತ್ತಳು, ಸುಳ್ಳು ಹೇಳುವುದಿಲ್ಲ. ಆಮೇಲೆ ಮೂಗು ಒರೆಸಿಕೊಂಡು, “ಬಟ್ ದೇ ವನ್, ಅಜ್ಜಿ,” ಎಂದಳು.

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಹುಡುಗರಿಗೆಲ್ಲ ಈ ಮುದುಕಿ ಒಳ್ಳೆಯದಾಗಲಿ ಎಂದಳೆಂದು ಅವರ ಭಾಷೆಯಲ್ಲಿ ಹೇಳು. ನೀನು ತಣ್ಣಗಿರು, ನಿನ್ನ ಕೈ ಹಿಡಿದ ಕೆಲಸ ಗೆಲ್ಲಲಿ.

ನಿನ್ನ ಅತ್ತಿ,
ಕಾಶವ್ವ

ತಾ.ಕ.: ಫೋಟೋ ಹೊಡೆದು ಕಳಿಸುತ್ತೇನೆ ಎಂದು ಹರ್ಷಿತಾ ತಲೆಯ ಮೇಲೆ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಮೇಲಿನ ದರ್ಜೆಗೆ ಹೋಗುತ್ತಾರೋ ಇಲ್ಲವೋ ಎಂದು ಶುಕ್ರವಾರ ಕ್ಲಬ್ಬಿನವರು ಉತ್ತರ ಕೊಡಬೇಕಂತೆ. ನಾನು ಇಪ್ಪತ್ತೈದಕ್ಕೆ ಹೊರಡುವುದು ಹೊರಡುವುದೇ. ಇನ್ನಷ್ಟು ದಿನ ಇರು ಎಂದು ಶಿವು ಅಂದ, ಒಲ್ಲೆ ಎಂದೆ. ನನಗೂ ನನ್ನ ಧಾರವಾಡ ಬೇಕು. ಆದರೆ ನಾನು ಹೋದರೆ ನೀನು ಬರಲೇಬೇಕು ಎಂದು ಯಾರು ಹೇಳಿದರು? ಮನೆಯಲ್ಲಿ ನಲವತ್ತೆರಡು ವರ್ಷದ ಗಂಡಸಿದ್ದಾನೆ, ಹರ್ಷಿತಾಳ ಹೆತ್ತ ಅಪ್ಪ. ಚಳಿಗಾಲದ ರಜೆಗೆ ಬಾ, ಮಗಳ ಜೊತೆ ಇರು, ಹಂಗಾಮು ಶುರುವಾದರೆ ತಿರುಗಿ ಹೋಗು. ಕ್ಲಬ್ಬಿನವರಿಗೆ ಹೂಂ ಅನ್ನು. ಅಡುಗೆ, ಶಾಲೆ, ಹಲ್ಲಿನ ಡಾಕ್ಟರು ಎಲ್ಲ ಶಿವು ನೋಡಿಕೊಳ್ಳುತ್ತಾನೆ. ಅವನಿಗಿನ್ನೂ ಹೇಳಿಲ್ಲ. ಪಾತ್ರೆ ತೊಳೆಯಲು ಹಚ್ಚಿದ್ದೇನೆ, ಮುಗಿಸಿ ಬರಲಿ.